2147483647: ಇಂಟ್‌ನ ಗಡಿಯಲ್ಲಿ ಕೂತ ಅವಿಭಾಜ್ಯ ಸಂಖ್ಯೆ

ಮುಂಬಯಿಯ ಯಾವುದೋ ಕನ್ನಡ ಸಂಘದ ಸದಸ್ಯರ ಪಟ್ಟಿಯನ್ನು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿಗೆ ತುಂಬಿಸುತ್ತಿದ್ದೀರಿ ಎಂದುಕೊಳ್ಳಿ. ಫೋನ್ ನಂಬರಿನ ಕಾಲಂಗೆ 'ಇಂಟ್' (32 ಬಿಟ್‌ನ ಪೂರ್ಣಾಂಕ) ಎಂದು ಕೊಟ್ಟಿದ್ದೀರಿ, ಹಿಡಿಸದ ಬೆಲೆಯನ್ನು ತಿರಸ್ಕರಿಸುವ ಸ್ಟ್ರಿಕ್ಟ್ ಮೋಡ್ ಆಫ್ ಆಗಿದೆ. ಮಾಟುಂಗದವರು, ಡೊಂಬಿವಲಿಯವರು, ಮೀರಾ ರೋಡಿನವರು, ಎಲ್ಲರ ಮೊಬೈಲೂ ಒಂದೇ ನಂಬರಾಗಿ ಕೂರುತ್ತದೆ: 2147483647. ಗಡಿ ಮೀರಿದ್ದನ್ನೆಲ್ಲ ಡೇಟಾಬೇಸ್ ಗಡಿಗೇ ತಂದು ನಿಲ್ಲಿಸಿಬಿಡುತ್ತದೆ. ನಮ್ಮ ದೇಶದ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುವುದರಿಂದ ಅವುಗಳಲ್ಲಿ ಒಂದೂ ಬಚಾವಾಗುವುದಿಲ್ಲ.

ಲ್ಯಾಂಡ್‌ಲೈನಿನ ಕಥೆ ಇನ್ನೂ ಮಜಾ. ಎಸ್‌ಟಿಡಿ ಕೋಡಿನ ಸೊನ್ನೆ ಬಿಟ್ಟು ಬರೆದರೆ ಮುಂಬಯಿಯ ನಂಬರು 22ರಿಂದ ಶುರುವಾಗುವ ಹತ್ತಂಕಿ, ಅಂದರೆ 220 ಕೋಟಿಯ ಮೇಲೆ. ನಮ್ಮ ಗಡಿ 214 ಕೋಟಿ 74 ಲಕ್ಷ 83 ಸಾವಿರದ 647. ಹಾಗಾಗಿ ಮುಂಬಯಿ ಔಟ್. ಗೋವಾದ 832 ಅಂತೂ ಬಹಳ ದೂರ. ಪುಣೆಯ 20ರಿಂದ ಶುರುವಾಗುವ ನಂಬರು ಮಾತ್ರ 200 ಕೋಟಿಯಿಂದ 210 ಕೋಟಿಯೊಳಗೆ ಬಿದ್ದು ಸಲೀಸಾಗಿ ಹಿಡಿಸುತ್ತದೆ. ಪುಣೆಯ ಲ್ಯಾಂಡ್‌ಲೈನ್‌ಗಳನ್ನು ಹಾಕಿ ಟೆಸ್ಟ್ ಮಾಡಿ 'ಓಕೆ' ಎಂದ ಪ್ರೋಗ್ರಾಂ ಖಂಡಾಲಾ ಘಾಟ್ ಇಳಿದ ಕೂಡಲೇ ಕೈಕೊಡುತ್ತದೆ. ಫೋನ್ ನಂಬರಿನ ಮೇಲೆ ಯಾರೂ ಕೂಡುವ ಕಳೆಯುವ ಲೆಕ್ಕ ಮಾಡುವುದಿಲ್ಲ. ಅದನ್ನು ಅಕ್ಷರಗಳ ಸಾಲಾಗಿ, ಟೆಕ್ಸ್ಟ್ ಆಗಿಯೇ ಇಡಬೇಕು.

ಇದೇ ಅಂಕಿ ಕಂಪ್ಯೂಟರಿನ ಗಡಿಯಾರದಲ್ಲೂ ಇದೆ. 1970ರ ಜನವರಿ 1ರಿಂದ ಸೆಕೆಂಡ್ ಎಣಿಸುತ್ತ ಬಂದ 32 ಬಿಟ್‌ನ ಯುನಿಕ್ಸ್ ಲೆಕ್ಕ 2038ರ ಜನವರಿ 19, ಮಂಗಳವಾರ, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಸಂಖ್ಯೆಯನ್ನು ಮುಟ್ಟುತ್ತದೆ. ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದ ಕಡೆಗಿನ ಫಾಸ್ಟ್ ಲೋಕಲ್‌ಗಳಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು. ಮರು ಸೆಕೆಂಡಿಗೆ ಅದು 1901ರ ಡಿಸೆಂಬರ್‌ಗೆ ಹಾರುತ್ತದೆ. ಆದರೆ ತೊಂದರೆಗೆ 2038ರ ತನಕ ಕಾಯಬೇಕಿಲ್ಲ. ಇಪ್ಪತ್ತು ವರ್ಷದ ಹೋಮ್ ಲೋನಿಗೆ ಕೊನೆಯ ಕಂತಿನ ತಾರೀಖು ಲೆಕ್ಕ ಹಾಕುವ 32 ಬಿಟ್ ಪ್ರೋಗ್ರಾಂ 2018ರಲ್ಲೇ ಎಡವಲು ಶುರುಮಾಡುತ್ತದೆ.

ಕೋಡ್ ಬರೆಯುವವರಿಗೆಲ್ಲ ಈ ಸಂಖ್ಯೆ ಗಡಿಯೆಂದು ಗೊತ್ತು. ಅದು ಅವಿಭಾಜ್ಯ ಎಂದು ಗೊತ್ತಿರುವವರು ಕಡಿಮೆ. ಅವಿಭಾಜ್ಯವಾದ್ದರಿಂದ ಎಷ್ಟು ಕೆಲಸ ಸುಲಭವಾಗುತ್ತದೆ ಎಂದು ಗೊತ್ತಿರುವವರು ಇನ್ನೂ ಕಡಿಮೆ. ಇಲ್ಲಿ ಹೇಳಹೊರಟಿರುವುದು ಅದನ್ನೇ.

2147483647 ಅಂದರೆ 2³¹ − 1. ಎರಡರ ಘಾತದಿಂದ ಒಂದು ಕಳೆದ ಇಂಥ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳು ಎಂದು ಹೆಸರು. ಇದನ್ನು ಎಂ31 ಎಂದು ಕರೆಯೋಣ. 32 ಬಿಟ್‌ಗಳಲ್ಲಿ ಒಂದು ಚಿಹ್ನೆಗೆ ಹೋದರೆ ಉಳಿದ 31 ಬಿಟ್‌ಗಳಲ್ಲೂ 1 ತುಂಬಿದಾಗ ಸಿಗುವುದು ಇದು. ಗಡಿಯಾಗಿರುವುದಕ್ಕೂ ಅವಿಭಾಜ್ಯವಾಗಿರುವುದಕ್ಕೂ ಸಂಬಂಧವಿಲ್ಲ, ಎರಡೂ ಒಂದೇ ಕಡೆ ಬಂದದ್ದು ಕಾಕತಾಳೀಯ. 16 ಬಿಟ್‌ನ ಗಡಿ 32767ನ್ನು ನೋಡಿ: ಅದು 7 × 31 × 151. 64 ಬಿಟ್‌ನ ಗಡಿ 2⁶³ − 1 ಕೂಡ ಚೂರುಚೂರು: 7² × 73 × 127 × 337 × 92737 × 649657. ಘಾತಾಂಕ ಸ್ವತಃ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ. 15ನ್ನು 3 ಭಾಗಿಸುವುದರಿಂದ 2³ − 1, ಅಂದರೆ 7, ತಾನಾಗಿ 32767ನ್ನು ಭಾಗಿಸುತ್ತದೆ. 31 ಅವಿಭಾಜ್ಯವಾದ್ದರಿಂದ ಎಂ31ಗೆ ಆ ಕಾಟವಿಲ್ಲ.

ಆದರೆ ಘಾತಾಂಕ ಅವಿಭಾಜ್ಯವಾದರೆ ಸಾಲದು. 2¹¹ − 1 ಎಂಬ 2047 ಅಂದರೆ 23 × 89. ಇಟಲಿಯ ಕಟಾಲ್ಡಿ 1603ರಲ್ಲಿ 23, 29, 31, 37 ಈ ನಾಲ್ಕು ಘಾತಗಳೂ ಅವಿಭಾಜ್ಯ ಕೊಡುತ್ತವೆ ಎಂದು ಹೇಳಿದ್ದ. ನಾಲ್ಕರಲ್ಲಿ ನಿಂತದ್ದು 31 ಒಂದೇ. 2²³ − 1ನ್ನು 47, 2²⁹ − 1ನ್ನು 233, 2³⁷ − 1ನ್ನು 223 ಭಾಗಿಸುತ್ತವೆ. 31ಕ್ಕೆ ಸಾಧನೆ (ಗಣಿತದ ಪುರಾವೆ) ಕೊಟ್ಟವನು ಆಯ್ಲರ್, 1772ರಲ್ಲಿ. ಆ ಹೊತ್ತಿಗೆ ಅವನಿಗೆ ಹೆಚ್ಚುಕಡಿಮೆ ಕಣ್ಣು ಕಾಣಿಸುತ್ತಿರಲಿಲ್ಲ.

ಆಯ್ಲರನ ದಾರಿ ಇವತ್ತಿಗೂ ಕಾಗದದ ಮೇಲೆ ಮಾಡಿ ನೋಡುವಂಥದ್ದು. ಎಂ31ರ ವರ್ಗಮೂಲ 46340ಕ್ಕಿಂತ ಸ್ವಲ್ಪ ಹೆಚ್ಚು. ಸುಮ್ಮನೆ ಭಾಗಿಸುತ್ತ ಹೋದರೆ ಅಲ್ಲಿಯ ತನಕ ಇರುವ 4792 ಅವಿಭಾಜ್ಯಗಳನ್ನೂ ಪರೀಕ್ಷಿಸಬೇಕು. ಅದರ ಬದಲು, ಭಾಜಕ ಇದ್ದರೆ ಅದು ಹೇಗಿರಬೇಕು ಎಂದು ಮೊದಲು ಕೇಳಿಕೊಳ್ಳಿ.

ಒಂದು ಅವಿಭಾಜ್ಯ ಭಾಜಕ ಇದೆ ಎಂದುಕೊಂಡರೆ, ಅದರಿಂದ 2³¹ನ್ನು ಭಾಗಿಸಿದಾಗ ಶೇಷ 1. 31 ಅವಿಭಾಜ್ಯ, ಆದ್ದರಿಂದ ಅದಕ್ಕಿಂತ ಚಿಕ್ಕ ಘಾತದಲ್ಲಿ ಎರಡು ಮತ್ತೆ ಒಂದಕ್ಕೆ ಬಂದಿರಲು ಸಾಧ್ಯವಿಲ್ಲ. ಫರ್ಮಾನ ಪ್ರಮೇಯದ ಪ್ರಕಾರ (ಅವಿಭಾಜ್ಯಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿದರೆ ಶೇಷ 1 ಎನ್ನುತ್ತದೆ ಅದು) ಈ 31, ಭಾಜಕದಿಂದ ಒಂದು ಕಳೆದದ್ದನ್ನು ನಿಶ್ಶೇಷವಾಗಿ ಭಾಗಿಸಬೇಕು. ಭಾಜಕ ಬೆಸ ಸಂಖ್ಯೆ, ಹಾಗಾಗಿ 62ರ ಗುಣಕಕ್ಕೆ ಒಂದು ಕೂಡಿಸಿದ ರೂಪದಲ್ಲೇ ಇರಬೇಕು. ಎರಡನೆಯ ಷರತ್ತು ಇನ್ನೂ ಚೆಂದ: 2³¹ ಒಂದಕ್ಕೆ ಸಮವಾದರೆ 2³² ಎರಡಕ್ಕೆ ಸಮ, 2³² ಅಂದರೆ 65536ರ ವರ್ಗ. ಅಂದಮೇಲೆ ಆ ಭಾಜಕದ ಲೋಕದಲ್ಲಿ, ಅಂದರೆ ಅದರಿಂದ ಭಾಗಿಸಿ ಶೇಷವನ್ನಷ್ಟೇ ನೋಡುವ ಲೆಕ್ಕದಲ್ಲಿ, ಎರಡಕ್ಕೆ ವರ್ಗಮೂಲ ಇದೆ. ಅದು ಸಾಧ್ಯವಾಗುವುದು ಭಾಜಕವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಂದಾಗ ಮಾತ್ರ. ಎರಡೂ ಷರತ್ತು ಸೇರಿಸಿದರೆ ಭಾಜಕ 248×ಕ + 1 ಅಥವಾ 248×ಕ + 63 ರೂಪದಲ್ಲಿರಬೇಕು (ಕ ಒಂದು ಪೂರ್ಣಾಂಕ).

46340ರ ಒಳಗೆ ಈ ರೂಪದವು 372 (63ನ್ನು ಬಿಟ್ಟು). ಅವುಗಳಲ್ಲೂ ಮೂರು, ಐದು, ಏಳರಿಂದ ಭಾಗವಾಗುವವನ್ನು ಕಂಡಕೂಡಲೇ ಹೊಡೆದುಹಾಕಬಹುದು. 249, 497, 745, 807 ಎಲ್ಲ ಹೀಗೇ ಹೋಗುತ್ತವೆ. ನಿಜವಾಗಿ ಭಾಗಿಸಿ ನೋಡಬೇಕಾದವು 311, 1303, 1489, 2543, 2729 ಹೀಗೆ ಶುರುವಾಗುವ ಎಂಬತ್ತರ ಆಸುಪಾಸು ಅವಿಭಾಜ್ಯಗಳು ಮಾತ್ರ. ಮೊದಲನೆಯದನ್ನು ಮಾಡಿ ತೋರಿಸುತ್ತೇನೆ: 311 × 6905092 = 2147483612, ಶೇಷ 35. ಭಾಗವಾಗಲಿಲ್ಲ. ಇಂಥ ಎಂಬತ್ತು ಲೆಕ್ಕ ಒಂದು ಭಾನುವಾರದ ಕೆಲಸ. ಹೈಸ್ಕೂಲು ಮಕ್ಕಳ ಗುಂಪಿಗೆ ಹಂಚಿಕೊಟ್ಟರೆ ಊಟದೊಳಗೆ ಮುಗಿಯುತ್ತದೆ.

ಇದೇ ಪರೀಕ್ಷೆಯನ್ನು ಪ್ರೋಗ್ರಾಂನಲ್ಲಿ ಬರೆಯುವಾಗ ಒಂದು ಗುಂಡಿ ಕಾದಿರುತ್ತದೆ. ಎಲ್ಲರೂ ಕಲಿತದ್ದು 'ಭಾಜಕದ ವರ್ಗ ಈ ಸಂಖ್ಯೆಯನ್ನು ಮೀರುವ ತನಕ ಲೂಪ್ ಓಡಿಸು' ಎಂದು. 46340ರ ವರ್ಗ 2147395600, ಇನ್ನೂ ಗಡಿಯೊಳಗಿದೆ. 46341ರ ವರ್ಗ 2147488281, ಇಂಟ್‌ನಲ್ಲಿ ಹಿಡಿಸುವುದಿಲ್ಲ. ಜಾವಾದಲ್ಲಿ ಅದು ಸುತ್ತಿಕೊಂಡು −2147479015 ಆಗುತ್ತದೆ. ಋಣ ಸಂಖ್ಯೆ ಯಾವಾಗಲೂ ಚಿಕ್ಕದೇ, ಲೂಪ್ ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ಇಂಟ್‌ನಲ್ಲಿ ಯಾವ ಬೆಲೆಯೂ ಎಂ31ನ್ನು ಮೀರಲಾರದು, ಹಾಗಾಗಿ ನಿಲ್ಲುವ ಷರತ್ತು ಎಂದೂ ಈಡೇರುವುದಿಲ್ಲ. ಕೊನೆಗೆ ಭಾಜಕ 2147483647ಕ್ಕೇ ತಲುಪಿ, ತನ್ನಿಂದ ತಾನೇ ಭಾಗವಾಗಿ, ಪ್ರೋಗ್ರಾಂ 'ಇದು ಅವಿಭಾಜ್ಯವಲ್ಲ' ಎಂದು ಘೋಷಿಸುತ್ತದೆ. ಸಿ ಭಾಷೆಯಲ್ಲಿ ಹೀಗೆ ಗಡಿ ಮೀರಿದಾಗ ಏನಾಗುತ್ತದೆ ಎಂಬುದಕ್ಕೆ ನಿಯಮವೇ ಇಲ್ಲ, ಕಂಪೈಲರ್ ಮನಸ್ಸು ಬಂದಂತೆ ಮಾಡಬಹುದು. ಪರಿಹಾರ ಸುಲಭ: ವರ್ಗ ಮಾಡುವ ಬದಲು, ಸಂಖ್ಯೆಯನ್ನು ಭಾಜಕದಿಂದ ಭಾಗಿಸಿದ ಭಾಗಲಬ್ಧಕ್ಕಿಂತ ಭಾಜಕ ದೊಡ್ಡದಾಯಿತೇ ಎಂದು ನೋಡಿ.

ವೇಗದ ಪರೀಕ್ಷೆ ಬೇಕೆಂದು ಫರ್ಮಾ ಪರೀಕ್ಷೆಗೆ ಹೋಗುವವರು ಇನ್ನೊಂದು ಕಡೆ ಜಾರುತ್ತಾರೆ. ಆಧಾರ 2 ತೆಗೆದುಕೊಂಡು, ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ, ಶೇಷ 1 ಬಂದರೆ ಅವಿಭಾಜ್ಯ ಇರಬಹುದು ಎನ್ನುವುದು ಆ ಪರೀಕ್ಷೆ. ಮರ್ಸೆನ್ ಸಂಖ್ಯೆಗಳ ಮಟ್ಟಿಗೆ ಇದಕ್ಕೆ ಕಿಲುಬು ಕಾಸಿನ ಬೆಲೆಯಿಲ್ಲ. ಘಾತಾಂಕ ಅವಿಭಾಜ್ಯವಾಗಿದ್ದರೆ ಎಲ್ಲವೂ ಪಾಸಾಗುತ್ತವೆ, ಭಾಗವಾಗುವಂಥವೂ. 2047ನ್ನೇ ನೋಡಿ: 2046 ಅಂದರೆ 11 × 186, 2¹¹ರ ಶೇಷ 1, ಹಾಗಾಗಿ 2²⁰⁴⁶ರ ಶೇಷವೂ 1. ಮಿಲ್ಲರ್-ರಾಬಿನ್ ಪರೀಕ್ಷೆ ಇನ್ನೂ ಬಿಗಿ ಎನ್ನುತ್ತಾರಲ್ಲ, ಆಧಾರ 2ರಲ್ಲಿ ಅದನ್ನೂ ದಾಟಿ ಮೋಸ ಮಾಡುವ ಅತಿ ಚಿಕ್ಕ ಸಂಖ್ಯೆ ಈ 2047ನೇ. ಇಂಟ್‌ನೊಳಗಿನ ಸಂಖ್ಯೆಗಳಿಗೆ ಆಧಾರ 2, 3, 5, 7 ನಾಲ್ಕನ್ನೂ ಹಾಕಿ ಮಿಲ್ಲರ್-ರಾಬಿನ್ ಮಾಡಿದರೆ ತಪ್ಪುವ ಮಾತೇ ಇಲ್ಲ. ನಾಲ್ಕನ್ನೂ ಏಮಾರಿಸುವ ಮೊದಲ ಸಂಖ್ಯೆ 3215031751, ಅದು ನಮ್ಮ ಗಡಿಯಾಚೆ ಇದೆ. ಇವತ್ತು ದೈತ್ಯ ಮರ್ಸೆನ್ ಅವಿಭಾಜ್ಯಗಳನ್ನು ಹುಡುಕುವ ಗಿಂಪ್ಸ್ ಯೋಜನೆಯವರೂ ಮೊದಲ ಜರಡಿಗೆ ಆಧಾರ 3 ಇಟ್ಟುಕೊಳ್ಳುತ್ತಾರೆ, 2 ಅಲ್ಲ.

ಎಂ31ಗೆ ತಕ್ಕ ಪರೀಕ್ಷೆ ಲೂಕಾ-ಲೆಹ್ಮರ್ ಪರೀಕ್ಷೆ. ನಾಲ್ಕರಿಂದ ಶುರುಮಾಡಿ. ವರ್ಗ ಮಾಡಿ, ಎರಡು ಕಳೆಯಿರಿ, ಎಂ31ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಇದನ್ನು 29 ಸಲ ಮಾಡಿ (ಘಾತಾಂಕಕ್ಕಿಂತ ಎರಡು ಕಡಿಮೆ). ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 'ಇರಬಹುದು' ಎಂಬ ಮಾತು ಇದರಲ್ಲಿಲ್ಲ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1, ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳದು, ಕೊನೆಗೆ ಖಚಿತವಾದದ್ದು ಇದೇ ಪರೀಕ್ಷೆಯಿಂದ.

ಸಾಲು ಹೀಗೆ ಹೋಗುತ್ತದೆ: 4, 14, 194, 37634, 1416317954. ಇಲ್ಲಿಯ ತನಕ ಭಾಗಾಕಾರವೇ ಬೇಕಿಲ್ಲ. ಮುಂದಿನದಕ್ಕೆ 1416317954ರ ವರ್ಗದಿಂದ ಎರಡು ಕಳೆದರೆ 2005956546822746114. ಹತ್ತೊಂಬತ್ತು ಅಂಕಿ. ಎಕ್ಸೆಲ್ ಇಲ್ಲಿಗೇ ಕೈಚೆಲ್ಲುತ್ತದೆ. ಅದು ಹದಿನೈದು ಅಂಕಿಗಳ ಆಚೆ ಸೊನ್ನೆ ತುಂಬಿಸಿ ಸುಮ್ಮನಾಗುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ಜಾವಾಸ್ಕ್ರಿಪ್ಟಿನ ಸಾಮಾನ್ಯ ನಂಬರೂ 2⁵³ರ ಆಚೆ ನಂಬಿಕೆಗೆ ಅರ್ಹವಲ್ಲ, ಬಿಗ್‌ಇಂಟ್ ಬಳಸಬೇಕು. 64 ಬಿಟ್‌ನ ಲಾಂಗ್ ಸಾಕು, ಏಕೆಂದರೆ ವರ್ಗ ಎಷ್ಟೇ ದೊಡ್ಡದಾದರೂ 62 ಬಿಟ್ ದಾಟುವುದಿಲ್ಲ.

ಈಗ ಭಾಗಾಕಾರ. ನಿಜ ಹೇಳಬೇಕೆಂದರೆ ಭಾಗಾಕಾರ ಬೇಕಾಗಿಯೇ ಇಲ್ಲ. ಎಂ31ರ ಲೆಕ್ಕದಲ್ಲಿ, ಅಂದರೆ ಎಂ31ರಿಂದ ಭಾಗಿಸಿ ಶೇಷವನ್ನಷ್ಟೇ ನೋಡಿದರೆ, 2³¹ ಅಂದರೆ 1. ಆದ್ದರಿಂದ ಯಾವ ಸಂಖ್ಯೆಯನ್ನೇ ಆಗಲಿ 2³¹ರ ಹತ್ತಿರ ಕತ್ತರಿಸಿ, ಮೇಲಿನ ತುಂಡನ್ನು ಕೆಳಗಿನ ತುಂಡಿಗೆ ಕೂಡಿಸಿದರೆ ಶೇಷ ಬದಲಾಗುವುದಿಲ್ಲ. ಮೇಲಿನ ಹತ್ತೊಂಬತ್ತಂಕಿಯನ್ನು ಹಾಗೆ ಕತ್ತರಿಸಿದರೆ ಮೇಲಿನ ತುಂಡು 934096307, ಕೆಳಗಿನದು 1883058178. ಮೊತ್ತ 2817154485. ಇದು ಎಂ31ನ್ನು ಮೀರಿದೆ, ಒಂದು ಸಲ ಕಳೆಯಿರಿ: 669670838. ಅಷ್ಟೇ. ಪ್ರೋಸೆಸರಿನಲ್ಲಿ ಇದು ಒಂದು ಶಿಫ್ಟ್ (ಬಿಟ್‌ಗಳನ್ನು ಸರಿಸುವುದು), ಒಂದು ಆ್ಯಂಡ್ (ಬೇಕಾದ ಬಿಟ್‌ಗಳನ್ನಷ್ಟೇ ಉಳಿಸುವುದು), ಒಂದು ಕೂಡುವಿಕೆ, ಬೇಕಾದರೆ ಒಂದು ಕಳೆಯುವಿಕೆ. ಭಾಗಾಕಾರದ ಸೂಚನೆಗಿಂತ ಎಷ್ಟೋ ಅಗ್ಗ.

ಮುಂದಿನದು 1937259419, ಹೀಗೇ ಸಾಗಿ ಕೊನೆಯ ಮೂರು ಬೆಲೆಗಳು 1181536708, 65536, 0. ಕೊನೆಯದಕ್ಕೆ ಮುಂಚಿನ 65536ನ್ನು ಕಂಡು ಖುಷಿಯಾಗದವರಿಗೆ ಲೆಕ್ಕ ರುಚಿಸುವುದು ಕಷ್ಟ. ಸೊನ್ನೆ ಬರಬೇಕಾದರೆ ಅದರ ಹಿಂದಿನದು ಎರಡರ ವರ್ಗಮೂಲವಾಗಿರಲೇಬೇಕು. 65536ರ ವರ್ಗ 2³², ಅಂದರೆ ಎರಡು. ಎರಡು ಕಳೆದರೆ ಸೊನ್ನೆ. ಆಯ್ಲರನ ಎರಡನೆಯ ಷರತ್ತಿನಲ್ಲಿ ಬಂದದ್ದೂ ಇದೇ 65536.

ಸರಿಯಾಗಿ ಇದೇ ಕೊನೆಯ ಹೆಜ್ಜೆಯಲ್ಲಿ ಪ್ರೋಗ್ರಾಂ ಮುಗ್ಗರಿಸುವುದುಂಟು. 65536ರ ವರ್ಗದಿಂದ ಎರಡು ಕಳೆದರೆ 4294967294. ಕತ್ತರಿಸಿ ಕೂಡಿದರೆ ಮೇಲಿನ ತುಂಡು 1, ಕೆಳಗಿನದು 2147483646, ಮೊತ್ತ ಸರಿಯಾಗಿ 2147483647. ಇದು ಸೊನ್ನೆಯೇ, ಆದರೆ ಸೊನ್ನೆಯಂತೆ ಕಾಣುವುದಿಲ್ಲ, ಎಲ್ಲ ಬಿಟ್‌ಗಳೂ ಒಂದಾಗಿ ನಿಂತಿರುತ್ತವೆ. 'ಎಂ31ಕ್ಕಿಂತ ದೊಡ್ಡದಾದರೆ ಕಳೆ' ಎಂದು ಬರೆದಿದ್ದರೆ ಕಳೆಯುವುದಿಲ್ಲ, ಉತ್ತರ ಸೊನ್ನೆಯಲ್ಲ ಎಂದಾಗಿ ಎಂ31 ಫೇಲ್. 'ದೊಡ್ಡದು ಅಥವಾ ಸಮವಾದರೆ ಕಳೆ' ಎಂದಿರಬೇಕು. ಮೊದಲ ಇಪ್ಪತ್ತೆಂಟು ಹೆಜ್ಜೆಗಳಲ್ಲಿ ಈ ತಪ್ಪಿನ ಸುಳಿವೇ ಸಿಗುವುದಿಲ್ಲ.

ಎರಡರಿಂದ ಗುಣಿಸುವುದೂ ಇಲ್ಲಿ ಗುಣಾಕಾರವಲ್ಲ. ಮೇಲಿನ ತುದಿಯಿಂದ ಹೊರಬಿದ್ದ ಬಿಟ್ ಕೆಳಗಿನ ತುದಿಗೆ ಬಂದು ಸೇರುತ್ತದೆ, 31 ಬಿಟ್‌ಗಳು ಸುಮ್ಮನೆ ತಿರುಗುತ್ತವೆ. 31 ಸಲ ತಿರುಗಿಸಿದರೆ ಮೊದಲಿದ್ದಲ್ಲಿಗೆ ವಾಪಸ್.

ಎಂ31ಕ್ಕೆ ಒಂದು ಕೂಡಿಸಿದರೆ ಅಪ್ಪಟ 2³¹. ಇದರ ಲಾಭ ವರ್ಗಮೂಲ ತೆಗೆಯುವಾಗ ಗೊತ್ತಾಗುತ್ತದೆ. 4ರಿಂದ ಭಾಗಿಸಿದಾಗ ಶೇಷ 3 ಕೊಡುವ ಅವಿಭಾಜ್ಯಗಳಲ್ಲಿ, ಅವಿಭಾಜ್ಯಕ್ಕೆ ಒಂದು ಕೂಡಿಸಿ ನಾಲ್ಕರಿಂದ ಭಾಗಿಸಿ, ಆ ಘಾತಕ್ಕೆ ಏರಿಸಿದರೆ ವರ್ಗಮೂಲ ಸಿಗುತ್ತದೆ. ಇಲ್ಲಿ ಆ ಘಾತ 2²⁹. ಅಂದರೆ ಸಂಖ್ಯೆಯನ್ನು ಸತತವಾಗಿ 29 ಸಲ ವರ್ಗ ಮಾಡುತ್ತ ಹೋದರೆ ವರ್ಗಮೂಲ! ವರ್ಗ ಮಾಡಿ ಮಾಡಿ ವರ್ಗಮೂಲಕ್ಕೆ ತಲುಪುವುದು ಮೊದಲ ಸಲ ಕಂಡಾಗ ತಲೆಕೆಳಗು ಎನಿಸುತ್ತದೆ. ಎರಡರ ಮೇಲೆ ಪ್ರಯೋಗಿಸಿ: 2ರ ಘಾತ 2²⁹, ಘಾತಾಂಕವನ್ನು 31ರಿಂದ ಭಾಗಿಸಿ ಶೇಷ ನೋಡಿದರೆ ಸಾಕು, ಅದು 16, ಉತ್ತರ 2¹⁶, ಮತ್ತೆ 65536. ಎಚ್ಚರಿಕೆ ಒಂದಿದೆ. ಅರ್ಧದಷ್ಟು ಸಂಖ್ಯೆಗಳಿಗೆ ಇಲ್ಲಿ ವರ್ಗಮೂಲ ಇಲ್ಲ. 3ಕ್ಕೆ ಇಲ್ಲ. 29 ಸಲ ವರ್ಗ ಮಾಡಿದರೆ ಏನೋ ಒಂದು ಉತ್ತರ ಬಂದೇ ಬರುತ್ತದೆ, ಆದರೆ ಅದರ ವರ್ಗ 3 ಆಗದೆ ಮೈನಸ್ 3, ಅಂದರೆ 2147483644 ಆಗುತ್ತದೆ. ಹಾಗಾಗಿ ಬಂದ ಉತ್ತರವನ್ನು ಒಮ್ಮೆ ವರ್ಗ ಮಾಡಿ ತಾಳೆ ನೋಡದೆ ಬಳಸಬಾರದು.

ಇತ್ತೀಚೆಗೆ ಕ್ರಿಪ್ಟೋಗ್ರಫಿಯವರು ಎಂ31ರ ಹಿಂದೆ ಬಿದ್ದಿರುವುದಕ್ಕೂ, ಒಂದು ಕೂಡಿಸಿದರೆ ಅದು 2³¹ ಆಗುವುದೇ ಕಾರಣ. ಝೀರೋ-ನಾಲೆಜ್ ಪ್ರೂಫ್‌ಗಳಲ್ಲಿ (ಗುಟ್ಟು ಬಿಟ್ಟುಕೊಡದೆ ಒಂದು ಮಾತು ನಿಜವೆಂದು ತೋರಿಸುವ ವಿಧಾನ) ವೇಗದ ಫೂರಿಯೆ ಪರಿವರ್ತನೆ ಬೇಕು, ಅದಕ್ಕೆ ಸಾಮಾನ್ಯವಾಗಿ ಅವಿಭಾಜ್ಯದಿಂದ ಒಂದು ಕಳೆದದ್ದರಲ್ಲಿ ಎರಡುಗಳು ತುಂಬಿರಬೇಕು. ಎಂ31ರಲ್ಲಿ ಒಂದು ಕಳೆದರೆ ಒಂದೇ ಒಂದು ಎರಡು ಇದೆ, ಆ ದಾರಿ ಬಂದ್. ಆದರೆ ಎರಡು ಸಂಖ್ಯೆಗಳ ವರ್ಗಗಳ ಮೊತ್ತ ಒಂದಾಗುವ ಜೋಡಿಗಳನ್ನು, ಅಂದರೆ ವೃತ್ತದ ಬಿಂದುಗಳನ್ನು, ಎಂ31ರ ಲೆಕ್ಕದಲ್ಲಿ ಎಣಿಸಿದರೆ ಸರಿಯಾಗಿ 2³¹ ಸಿಗುತ್ತವೆ. ಪರಿವರ್ತನೆಯನ್ನು ಆ ವೃತ್ತದ ಮೇಲೆ ನಡೆಸುವ ವಿಧಾನ 'ಸರ್ಕಲ್ ಸ್ಟಾರ್ಕ್' ಎಂಬ ಹೆಸರಿನಲ್ಲಿ 2024ರಲ್ಲಿ ಬಂತು. 1811ರಲ್ಲಿ ಪೀಟರ್ ಬಾರ್ಲೋ ಎಂಬ ಇಂಗ್ಲಿಷ್ ಗಣಿತಜ್ಞ, ಇದರಿಂದ ಸಿಗುವ ಪರಿಪೂರ್ಣ ಸಂಖ್ಯೆಗಿಂತ (ತನಗಿಂತ ಚಿಕ್ಕ ಭಾಜಕಗಳ ಮೊತ್ತಕ್ಕೆ ತಾನೇ ಸಮನಾದ ಸಂಖ್ಯೆಗೆ ಈ ಹೆಸರು) ದೊಡ್ಡದನ್ನು ಯಾರೂ ಹುಡುಕುವುದಿಲ್ಲ, ಇವು ಕುತೂಹಲಕ್ಕಷ್ಟೇ, ಉಪಯೋಗಕ್ಕಿಲ್ಲ ಎಂಬರ್ಥದಲ್ಲಿ ಬರೆದಿಟ್ಟಿದ್ದ. ಪಾಪ.

ಇನ್ನು ಒಂದು ಕಳೆದ ಕಡೆ: 2147483646 = 2 × 3² × 7 × 11 × 31 × 151 × 331. ಈ ಪಟ್ಟಿ ಕೈಯಲ್ಲಿದ್ದರೆ ಯಾವ ಸಂಖ್ಯೆಯ ಘಾತಗಳು ಎಷ್ಟು ದೂರ ಹೋಗಿ ಒಂದಕ್ಕೆ ವಾಪಸ್ ಬರುತ್ತವೆ ಎಂದು ಲೆಕ್ಕ ಹಾಕಬಹುದು. ಎರಡು ಬಡಪಾಯಿ, 31 ಹೆಜ್ಜೆಗೇ ತಿರುಗಿ ಬರುತ್ತದೆ. ಏಳು ಹಾಗಲ್ಲ: ಅದರ ಘಾತಗಳು 1ರಿಂದ 2147483646ರ ತನಕದ ಪ್ರತಿಯೊಂದು ಸಂಖ್ಯೆಯನ್ನೂ ಒಮ್ಮೆ ಮುಟ್ಟಿಯೇ ವಾಪಸ್ ಬರುತ್ತವೆ. ಹೀಗೆ ಪೂರಾ ಸುತ್ತು ಹಾಕುವವುಗಳಲ್ಲಿ ಅತಿ ಚಿಕ್ಕದು ಅದೇ. ಪರೀಕ್ಷಿಸಲು ಎಲ್ಲ ಘಾತಗಳನ್ನೂ ಓಡಿಸಬೇಕಿಲ್ಲ; 2147483646ನ್ನು ಪಟ್ಟಿಯ ಏಳು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ, ಆ ಏಳು ಘಾತಗಳಲ್ಲಿ ಯಾವುದರಲ್ಲೂ 1 ಬರಲಿಲ್ಲವೆಂದರೆ ಮುಗಿಯಿತು.

ಐದು ಆ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಏಳರ ಐದನೆಯ ಘಾತ 16807 ಕೂಡ ಪೂರಾ ಸುತ್ತು ಹಾಕುತ್ತದೆ. 1969ರಲ್ಲಿ ಲೂಯಿಸ್, ಗುಡ್‌ಮನ್, ಮಿಲ್ಲರ್ ಇದನ್ನು ಹಿಡಿದು ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಯಂತ್ರ ಕಟ್ಟಿದರು; 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಇದನ್ನೇ ಕನಿಷ್ಠ ಮಾನದಂಡವೆಂದು ಮುಂದಿಟ್ಟರು. ಸಿ ಪ್ಲಸ್ ಪ್ಲಸ್‌ನ ಲೈಬ್ರರಿಯಲ್ಲಿ ಇವತ್ತಿಗೂ ಇದೆ. ನಿಯಮ ಒಂದೇ ಸಾಲು: ಹಿಂದಿನದನ್ನು 16807ರಿಂದ ಗುಣಿಸಿ ಎಂ31ರ ಶೇಷ ತೆಗೆ. 1ರಿಂದ ಹೊರಟರೆ 16807, 282475249, 1622650073, 984943658, 1144108930. ನೀವೇ ಬರೆದದ್ದು ಸರಿಯೇ ಎಂದು ನೋಡಲು ಹತ್ತು ಸಾವಿರ ಸಲ ಓಡಿಸಿ, 1043618065 ಬರಬೇಕು. ಬರದಿದ್ದರೆ ಮೊದಲ ಅನುಮಾನ ಗುಣಲಬ್ಧದ ಮೇಲಿರಲಿ, 32 ಬಿಟ್‌ನಲ್ಲಿ ಅದು ಉಕ್ಕಿ ಹೋಗುತ್ತದೆ. 64 ಬಿಟ್ ಇಲ್ಲದ ಚಿಕ್ಕ ಮೈಕ್ರೋಕಂಟ್ರೋಲರ್‌ಗಳಿಗೆ ಶ್ರಾಗೆಯ ಉಪಾಯವಿದೆ: ಎಂ31 = 16807 × 127773 + 2836. ಸಂಖ್ಯೆಯನ್ನು 127773ರಿಂದ ಭಾಗಿಸಿ, ಶೇಷವನ್ನು 16807ರಿಂದಲೂ ಭಾಗಲಬ್ಧವನ್ನು 2836ರಿಂದಲೂ ಗುಣಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಧನ ಸಂಖ್ಯೆ ಬರದಿದ್ದರೆ ಎಂ31 ಕೂಡಿಸಿ. ಎಲ್ಲೂ ಗಡಿ ದಾಟುವುದಿಲ್ಲ.

ಬೀಜವಾಗಿ, ಅಂದರೆ ಹೊರಡುವ ಸಂಖ್ಯೆಯಾಗಿ, ಸೊನ್ನೆ ಕೊಟ್ಟರೆ ಯಂತ್ರ ಸೊನ್ನೆಯಲ್ಲೇ ಸತ್ತು ಕೂರುತ್ತದೆ, 2147483647 ಕೊಟ್ಟರೂ ಅದೇ ಗತಿ. ಇನ್ನೊಂದು ದೋಷ: ಬಹಳ ಚಿಕ್ಕ ಸಂಖ್ಯೆಯ ಬೆನ್ನಿಗೆ ಬರುವುದೂ ಚಿಕ್ಕದೇ, ಏಕೆಂದರೆ 16807 ಪಟ್ಟಾದರೂ ಅದು ಗಡಿಯನ್ನು ಮುಟ್ಟುವುದಿಲ್ಲ. ಆಟಕ್ಕೆ, ಸಿಮ್ಯುಲೇಶನ್ನಿನ ಪಾಠಕ್ಕೆ ಸಾಕು. ಒಟಿಪಿಗೆ, ಲಾಟರಿಗೆ ಖಂಡಿತ ಬೇಡ; ಒಂದು ಪೂರ್ಣ ಬೆಲೆ ಗೊತ್ತಾದರೆ ಮುಂದಿನದೆಲ್ಲ ಕ್ಯಾಲ್ಕ್ಯುಲೇಟರಿನಲ್ಲಿ ಸಿಗುತ್ತದೆ. ಆದರೂ ಐಬಿಎಂ ಕಾಲದ ರಾಂಡು ಎಂಬ ಕುಖ್ಯಾತ ಯಾದೃಚ್ಛಿಕ ಯಂತ್ರಕ್ಕಿಂತ ಇದು ಸಾವಿರ ಪಾಲು ವಾಸಿ. ಅದು ಎಂ31ರ ಬದಲು 2³¹ನ್ನೇ ಇಟ್ಟುಕೊಂಡು 65539ರಿಂದ ಗುಣಿಸುತ್ತಿತ್ತು, ಮೂರು ಮೂರು ಬೆಲೆಗಳನ್ನು ಬಿಂದುವಾಗಿ ಗುರುತಿಸಿದರೆ ಎಲ್ಲವೂ ಬರೀ 15 ಸಮತಲಗಳ ಮೇಲೆ ಬಿದ್ದಿರುತ್ತಿದ್ದವು.

ಉಪಯೋಗವಿಲ್ಲದ, ಆದರೆ ಬಿಡಲು ಮನಸ್ಸಾಗದ ಒಂದು ಗುಣ: 2147483647 = 43968² + 7 × 5533². ಕೈಯಲ್ಲೇ ತಾಳೆ ನೋಡಿ, 1933185024ಕ್ಕೆ 214298623 ಕೂಡಿಸಿದರೆ ಆಯಿತು. ಇಲ್ಲಿ 43968 ಎಂಟರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆಕಸ್ಮಿಕವಲ್ಲ: ಘಾತಾಂಕವನ್ನು 3ರಿಂದ ಭಾಗಿಸಿದಾಗ ಶೇಷ 1 ಬರುವ ಮರ್ಸೆನ್ ಅವಿಭಾಜ್ಯಗಳನ್ನು ಹೀಗೆ ಬರೆದಾಗ ಮೊದಲ ಸಂಖ್ಯೆ ಯಾವಾಗಲೂ 8ರ ಗುಣಕ. ಲೆಮ್ಮರ್‌ಮೇಯರ್ ಗಮನಿಸಿದ್ದನ್ನು ಲೆನ್‌ಸ್ಟ್ರಾ ಮತ್ತು ಸ್ಟೀವನ್‌ಹಾಗನ್ 2000ದಲ್ಲಿ ಸಾಧಿಸಿದರು. ಸಾಧನೆಗೆ ಆರ್ಟಿನ್‌ನ ಭಾರೀ ಸಿದ್ಧಾಂತವೇ ಬೇಕಾಯಿತು. ಪರಿಪೂರ್ಣ ಸಂಖ್ಯೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ, ಎಂ31ನ್ನು 2³⁰ರಿಂದ ಗುಣಿಸಿದರೆ 2305843008139952128, ಎಂಟನೆಯದು.

ಇನ್ನು ಸರಪಳಿ. 2ರಿಂದ ಹೊರಟರೆ 3, 7, 127, 2¹²⁷ − 1 ಎಲ್ಲವೂ ಅವಿಭಾಜ್ಯ. ಪ್ರತಿಯೊಂದೂ ಹಿಂದಿನದನ್ನು ಘಾತಾಂಕವಾಗಿಟ್ಟು ಪಡೆದದ್ದು. 5ರಿಂದ ಹೊರಟರೆ 31, ಅದರಿಂದ ನಮ್ಮ ಎಂ31. ಇದನ್ನು ಮತ್ತೆ ಘಾತಾಂಕವಾಗಿಟ್ಟರೆ? ಬರುವ ಸಂಖ್ಯೆಗೆ 64 ಕೋಟಿಗೂ ಹೆಚ್ಚು ಅಂಕಿಗಳು. ಸರಪಳಿ ಅಲ್ಲಿಗೆ ಕಡಿಯುತ್ತದೆ, ಅದನ್ನು 295257526626031 ಭಾಗಿಸುತ್ತದೆ. ಆಯ್ಲರನ ಮೊದಲ ಷರತ್ತೇ ಇಲ್ಲೂ ದಾರಿ ತೋರುವುದು, ಭಾಜಕ 2 × ಎಂ31ರ ಗುಣಕಕ್ಕೆ ಒಂದು ಕೂಡಿಸಿದಂತಿರಬೇಕು. ಈ ಭಾಜಕಕ್ಕೆ ಆ ಗುಣಕ 68745.

64 ಕೋಟಿ ಅಂಕಿಗಳನ್ನು ಬರೆಯದೆ ತಾಳೆ ನೋಡಬಹುದು. ಘಾತಾಂಕದ 31 ಬಿಟ್‌ಗಳೂ 1 ಆಗಿರುವುದರಿಂದ ಲೆಕ್ಕ ತೀರಾ ಸರಳ. 2ರಿಂದ ಶುರುಮಾಡಿ, ವರ್ಗ ಮಾಡಿ, ಎರಡರಿಂದ ಗುಣಿಸಿ, 295257526626031ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. 2, 8, 128, 32768, 2147483648. ಇಲ್ಲಿಂದ ಮುಂದೆ ಶೇಷ ತೆಗೆಯುವ ಕೆಲಸ ಶುರು. 30 ಸಲ ಮಾಡಿದಾಗ 1 ಬರಬೇಕು. ಇಲ್ಲಿ ಕತ್ತರಿಸಿ ಕೂಡುವ ಉಪಾಯ ನಡೆಯುವುದಿಲ್ಲ, ಭಾಜಕಕ್ಕೆ ಆ ಆಕಾರವಿಲ್ಲ. ನಡುವಿನ ವರ್ಗಗಳು 29 ಅಂಕಿಗಳ ತನಕ ಹೋಗುತ್ತವೆ, 64 ಬಿಟ್ ಸಾಲದು. ಪೈಥಾನಿನಲ್ಲಿ ಮಾಡಿ, ಇಲ್ಲವೇ 128 ಬಿಟ್‌ನ ಪೂರ್ಣಾಂಕ ಇರುವ ಕಂಪೈಲರ್ ಹಿಡಿಯಿರಿ.